ಹಿಗ್ಗಿದ ನೆಲದಲ್ಲಿ ಅಡ್ಡ ಸ್ತರಭಂಗಗಳೇಕೆ?

ಪ್ರಶ್ನೆ: ಭೂಖಂಡದ ತೊಗಟೆಯನ್ನು ಪೂರ್ವ–ಪಶ್ಚಿಮವಾಗಿ ಎಳೆದಾಗ ಸ್ತರಭಂಗಗಳು (ಎರಡು ಪಕ್ಕದ ಶಿಲೆಗಳು ಜಾರಿರುವ ಸೀಳುಗಳು) ಉತ್ತರ–ದಕ್ಷಿಣವಾಗಿ ಮೂಡುತ್ತವೆ ಎಂದು ಓದಿದ್ದೇನೆ. ಆದರೆ ಅಂಥ ಪ್ರದೇಶಗಳ ನಕ್ಷೆಗಳಲ್ಲಿ ಎಳೆತದ ದಿಕ್ಕಿನಲ್ಲೇ ಸಾಗುವ ಅಡ್ಡ ಸ್ತರಭಂಗಗಳೂ ಕಾಣುತ್ತವೆ. ಅವುಗಳಿಗೆ ಕಾರಣವೇನು?

ಉತ್ತರ: ನೀವು ಓದಿದ್ದು ಸರಿಯೇ. ಎಳೆತಕ್ಕೆ ಸಿಕ್ಕಿದ ತೊಗಟೆಯು ಸಾಮಾನ್ಯವಾಗಿ ಅದಕ್ಕೆ ಲಂಬವಾಗಿ ಸೀಳುತ್ತದೆ. ಸೀಳಿನ ಒಂದು ಪಕ್ಕ ಕುಸಿದು ಕಣಿವೆಯಾದರೆ ಇನ್ನೊಂದು ಬೆಟ್ಟಸಾಲಾಗಿ ನಿಲ್ಲುತ್ತದೆ. ಆದರೆ ನೂರಾರು ಕಿಲೋಮೀಟರ್ ಉದ್ದದ ನೆಲವು ಎಲ್ಲೆಡೆಯೂ ಸಮನಾಗಿ ಹಿಗ್ಗುವುದು ಅಪರೂಪ. ಅಕ್ಕಪಕ್ಕದ ಎರಡು ಭಾಗಗಳಲ್ಲಿ ಒಂದು ಬಹಳ ಹಿಗ್ಗಿ ಇನ್ನೊಂದು ಹೆಚ್ಚುಕಡಿಮೆ ಇದ್ದಂತೆಯೇ ಉಳಿದರೆ, ಅವುಗಳ ನಡುವಿನ ಗಡಿಯಲ್ಲಿ ಶಿಲೆಗಳು ಒಂದರ ಪಕ್ಕದಲ್ಲಿ ಇನ್ನೊಂದು ಜಾರಲೇಬೇಕಾಗುತ್ತದೆ. ಆ ಜಾರುವಿಕೆಯೇ ಅಡ್ಡ ಸ್ತರಭಂಗ.

ಇದಕ್ಕೆ ನನಗೆ ಅತ್ಯಂತ ಸ್ಪಷ್ಟವಾಗಿ ತೋರುವ ನಿದರ್ಶನ ಕ್ಯಾಲಿಫೋರ್ನಿಯಾದ ಗಾರ್ಲಾಕ್ ಸ್ತರಭಂಗ. ಸುಮಾರು 250 ಕಿಲೋಮೀಟರ್ ಉದ್ದದ ಈ ಸ್ತರಭಂಗದ ಉತ್ತರಕ್ಕೆ ಬೆಟ್ಟಸಾಲು, ಕಣಿವೆಗಳು ಒಂದಾದ ಮೇಲೊಂದರಂತೆ ಬರುವ, ತುಂಬ ಹಿಗ್ಗಿದ ನೆಲವಿದೆ. ದಕ್ಷಿಣದ ಮೊಹಾವಿ ಮರುಭೂಮಿ ಅಷ್ಟು ಹಿಗ್ಗಿಲ್ಲ. ಹಳೆಯ ಬಿರುಕುಗಳಲ್ಲಿ ಶಿಲಾರಸ ಹೆಪ್ಪುಗಟ್ಟಿ ಉಂಟಾದ ಡೈಕ್‌ಗಳ ಒಂದೇ ಗುಂಪು ಇಲ್ಲಿ ತುಂಡಾಗಿದ್ದು, ಎರಡು ತುಂಡುಗಳ ನಡುವೆ ಈಗ ಸುಮಾರು 64 ಕಿಲೋಮೀಟರ್ ಅಂತರವಿದೆ. ಈ ಸ್ತರಭಂಗವು ಉತ್ತರ ಭಾಗದ ಹಿಗ್ಗುವಿಕೆಯ ಫಲವೇ ಎಂದು 1973ರಲ್ಲಿ ಭೂವಿಜ್ಞಾನಿಗಳಾದ ಗ್ರೆಗರಿ ಡೇವಿಸ್ ಮತ್ತು ಕ್ಲಾರ್ಕ್ ಬರ್ಚ್‌ಫೀಲ್ ವಾದಿಸಿದರು. ಅವರ ವಿವರಣೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಪೂರ್ವದ ತುದಿಯಲ್ಲಿ ಸರಿತವು, ಅಂದರೆ ಎರಡು ಪಕ್ಕಗಳು ಒಂದಕ್ಕೊಂದು ಜಾರಿದ ದೂರವು, ಶೂನ್ಯವಾಗಿದ್ದು, ಪಶ್ಚಿಮಕ್ಕೆ ಹೋದಂತೆ, ಉತ್ತರದಲ್ಲಿ ಬಾಯ್ದೆರೆದ ಒಂದೊಂದು ಕಣಿವೆಯ ಪಾಲೂ ಸೇರಿ ಅದು ಬೆಳೆಯುತ್ತದೆ. ಆದ್ದರಿಂದ ಇಂಥ ಸ್ತರಭಂಗದ ಒಂದೇ ಸ್ಥಳದಲ್ಲಿ ಅಳೆದ ಸರಿತವನ್ನು ಅದರ ಇಡೀ ಉದ್ದಕ್ಕೆ ಅನ್ವಯಿಸುವಂತಿಲ್ಲ. ಉತ್ತರದ ನೆಲವು ಹೀಗೆ ಪಶ್ಚಿಮಕ್ಕೆ ಸರಿದದ್ದರಿಂದಲೇ ಪ್ರಸಿದ್ಧ ಸ್ಯಾನ್ ಆಂಡ್ರಿಯಾಸ್ ಸ್ತರಭಂಗವು ಅಲ್ಲಿ ಬಾಗಿದೆ ಎಂಬುದೂ ಅವರ ವಾದದ ಭಾಗವಾಗಿತ್ತು.

ಪೂರ್ವ ಆಫ್ರಿಕದ ಸೀಳು ಕಣಿವೆಯಲ್ಲಿ ಪರಿಸ್ಥಿತಿ ಇಷ್ಟು ಸರಳವಲ್ಲ. ಸುಮಾರು 1,470 ಮೀಟರ್ ಆಳದ ಟ್ಯಾಂಗನೀಕಾ ಸರೋವರದ ತಳವು ಒಂದೇ ತಗ್ಗಲ್ಲ, ಸಾಲಾಗಿ ಬರುವ ಹಲವು ಓರೆ ತಗ್ಗುಗಳು, ಅಂದರೆ ಒಂದೇ ಪಕ್ಕದ ಮುಖ್ಯ ಸ್ತರಭಂಗದ ಕಡೆಗೆ ವಾಲಿ ಕುಸಿದ ತಗ್ಗುಗಳು. ಒಂದು ತಗ್ಗಿನ ಮುಖ್ಯ ಸ್ತರಭಂಗ ಪೂರ್ವ ದಡದಲ್ಲಿದ್ದರೆ, ಅದರ ಮುಂದಿನದಕ್ಕೆ ಅದು ಪಶ್ಚಿಮ ದಡದಲ್ಲಿರಬಹುದು. ಹೀಗೆ ಓರೆ ಬದಲಾಗುವಲ್ಲಿ ತಗ್ಗುಗಳ ನಡುವೆ ಎತ್ತರದ ನೆಲ ಉಳಿದು, ಹೂಳು ಎಲ್ಲಿ ಸೇರಬೇಕೆಂಬುದನ್ನೂ ಅದೇ ನಿರ್ಧರಿಸುತ್ತದೆ. ಅಲ್ಲಿ ಒಂದೇ ನೇರ ಅಡ್ಡ ಸ್ತರಭಂಗ ಇರಲೇಬೇಕೆಂದಿಲ್ಲ. ಎಷ್ಟೋ ಕಡೆ ತುದಿಗಳಲ್ಲಿ ಒಂದನ್ನೊಂದು ದಾಟಿ ಚಾಚಿಕೊಂಡ ಚಿಕ್ಕ ಸ್ತರಭಂಗಗಳ ಅಗಲವಾದ ಪಟ್ಟಿಯೇ ಎರಡು ತಗ್ಗುಗಳನ್ನು ಜೋಡಿಸುವ ಕೆಲಸ ಮಾಡುತ್ತದೆ. ಓರೆ ಬದಲಾದಲ್ಲೆಲ್ಲ ನಕ್ಷೆಯ ಮೇಲೊಂದು ಅಡ್ಡಗೆರೆ ಎಳೆದುಬಿಡುವ ಅಭ್ಯಾಸವನ್ನು, ನನ್ನ ಅಭಿಪ್ರಾಯದಲ್ಲಿ, ಸ್ವಲ್ಪ ಅನುಮಾನದಿಂದಲೇ ನೋಡಬೇಕು.