ಟಿವಿ ಹಾಕುವ ಮುನ್ನ ಗೋಡೆ ಯಾವುದೆಂದು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗೋಡೆಗೆ ಟಿವಿ ಹಾಕುವ ಬಗ್ಗೆ. ಟಿವಿ ಎಷ್ಟು ಇಂಚು, ಯಾವ ಕಂಪನಿಯದು ಎಂದು ಎಲ್ಲರೂ ಬರೆದಿದ್ದಾರೆ. ಗೋಡೆ ಯಾವುದರದ್ದು ಎಂದು ಬರೆದವರು ಕಡಿಮೆ. ಗೋಡೆ ಹಾಳಾಗುವುದು ಅಲ್ಲಿಂದಲೇ ಶುರುವಾಗುತ್ತದೆ.

ಪ್ರಶ್ನೆ: ಯಲಹಂಕದ ಹತ್ತಿರ ಹೊಸ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇವೆ. 55 ಇಂಚಿನ ಟಿವಿ ತಂದೆವು. ಹಾಕಲು ಬಂದ ಹುಡುಗ ಎರಡು ತೂತು ಕೊರೆದ. ಸ್ಕ್ರೂ ಕೂರಿಸುವ ಪ್ಲಾಸ್ಟಿಕ್ ಪ್ಲಗ್ ಒಳಗೇ ತಿರುಗುತ್ತಿದೆ, ಸ್ಕ್ರೂ ಬಿಗಿಯಾಗುತ್ತಿಲ್ಲ. ‘ಪಕ್ಕದಲ್ಲೇ ಇನ್ನೆರಡು ಹಾಕ್ತೀನಿ’ ಎಂದ. ಬೇಡ ಎಂದು ಕಳಿಸಿದೆವು. ಗೋಡೆ ಹಾಳಾದರೆ ಅಡ್ವಾನ್ಸಿನಲ್ಲಿ ಹಿಡಿಯುತ್ತೇನೆ ಎಂದು ಮಾಲೀಕರು ಮೊದಲೇ ಹೇಳಿದ್ದಾರೆ. ಈಗೇನು ಮಾಡುವುದು?

ನಿಲ್ಲಿಸಿದ್ದು ಒಳ್ಳೆಯದಾಯಿತು. ನೀವು ಹೇಳಿದ್ದನ್ನು ನೋಡಿದರೆ ಅದು ಎಎಸಿ ಬ್ಲಾಕ್, ಅಂದರೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕಿನ ಗೋಡೆ ಇರಬೇಕು. ಖಚಿತ ಮಾಡಿಕೊಳ್ಳಲು ಆ ತೂತಿನಿಂದ ಉದುರಿದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದುಬಿಳಿ ಬಣ್ಣದಲ್ಲಿ ಹಿಟ್ಟಿನ ಹಾಗೆ ನಯವಾಗಿದ್ದರೆ ಎಎಸಿ. ಕೆಂಪಾಗಿದ್ದರೆ ಸುಟ್ಟ ಇಟ್ಟಿಗೆ. ಬೂದು ಬಣ್ಣದ ಒರಟು ಪುಡಿ ಬಂದು, ಸ್ವಲ್ಪ ದೂರ ಹೋದ ಮೇಲೆ ಡ್ರಿಲ್ ತಟ್ಟನೆ ಒಳಕ್ಕೆ ಜಾರಿದರೆ ಒಳಗೆ ಟೊಳ್ಳಿರುವ ಸಿಮೆಂಟಿನ ಹಾಲೋ ಬ್ಲಾಕ್. ಡ್ರಿಲ್ ಕಿರುಚಾಡಿ ಮುಂದಕ್ಕೇ ಹೋಗದಿದ್ದರೆ ಕಾಂಕ್ರೀಟು. ಮೇಲಿನ 12ರಿಂದ 15 ಮಿ.ಮೀ. ಪ್ಲಾಸ್ಟರಿನ ಪುಡಿ ಹೆಚ್ಚಿನ ಗೋಡೆಗಳಲ್ಲಿ ಒಂದೇ ಥರ ಇರುತ್ತದೆ. ಅದು ದಾಟಿದ ಮೇಲೆ ಬರುವ ಪುಡಿಯನ್ನೇ ನೋಡಬೇಕು.

ಎಎಸಿ ಬ್ಲಾಕನ್ನು ಸಿಮೆಂಟು, ಸುಣ್ಣ, ಹಾರುಬೂದಿ ಕಲಸಿ ಮಾಡುತ್ತಾರೆ. ಅದಕ್ಕೆ ಚೂರು ಅಲ್ಯೂಮಿನಿಯಂ ಪುಡಿ ಸೇರಿಸಿದಾಗ ಗಾಳಿಗುಳ್ಳೆ ಎದ್ದು ಮಿಶ್ರಣ ಉಬ್ಬುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಸಾಮಾನ್ಯವಾಗಿ ಘನ ಮೀಟರಿಗೆ 550ರಿಂದ 650 ಕೆ.ಜಿ. ತೂಗುತ್ತದೆ. ಸುಟ್ಟ ಇಟ್ಟಿಗೆ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಕಟ್ಟಡದ ಭಾರ ಇಳಿಸಲು ಎಎಸಿ ಒಳ್ಳೆಯದೇ. ಆದರೆ ಟಿವಿ ಜೊತೆ ಡಬ್ಬದಲ್ಲಿ ಬರುವ ಪ್ಲಗ್ ಇದಕ್ಕೆ ಮಾಡಿದ್ದಲ್ಲ. ಆ ಪ್ಲಗ್ ಸ್ಕ್ರೂ ಒಳಹೋದಂತೆ ಅಗಲವಾಗಿ ತೂತಿನ ಪಕ್ಕಗಳನ್ನು ಒತ್ತುತ್ತದೆ, ಹಾಗೆ ಹಿಡಿತ ಸಿಗುತ್ತದೆ. ಇಟ್ಟಿಗೆ, ಕಾಂಕ್ರೀಟು ಆ ಒತ್ತಡ ತಡೆಯುತ್ತವೆ. ಎಎಸಿ ಪುಡಿಯಾಗುತ್ತದೆ. ಜೊತೆಗೆ ಹುಡುಗ ಡ್ರಿಲ್ಲನ್ನು ಹ್ಯಾಮರ್‌ಗೆ (ತಿರುಗುತ್ತಲೇ ಬಡಿಯುವಂತೆ) ಹಾಕಿ ಕೊರೆದಿದ್ದರೆ ತೂತು ಬಿಟ್‌ಗಿಂತ, ಅಂದರೆ ಡ್ರಿಲ್ಲಿನ ಕೊರೆಯುವ ಮೊನೆಗಿಂತ ದೊಡ್ಡದಾಗಿರುತ್ತದೆ.

ಹೊಸ ತೂತನ್ನು ಹಳೆಯದರಿಂದ ಕನಿಷ್ಠ 10 ಸೆಂ.ಮೀ. ದೂರದಲ್ಲಿ ಹಾಕಿಸಿ. ಹ್ಯಾಮರ್ ಆಫ್ ಮಾಡಿ, ಬರೀ ತಿರುಗುವಂತೆ ಇಟ್ಟು, ನಿಧಾನವಾಗಿ ಕೊರೆಯಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎಎಸಿ ಬ್ಲಾಕಿನ ಪ್ಲಗ್’ ಎಂದೇ ಕೇಳಿ. ಮೈಮೇಲೆ ಸುರುಳಿಯಂಥ ಅಗಲ ರೆಕ್ಕೆಗಳಿರುತ್ತವೆ, ಉದ್ದವೂ ಜಾಸ್ತಿ. ತೂತಿನ ಅಳತೆ ಪ್ಯಾಕೆಟ್ ಮೇಲೆ ಇರುತ್ತದೆ, ಅದನ್ನು ಮೀರಬೇಡಿ. ರೂಮುಗಳ ನಡುವಿನ ಗೋಡೆ ಹಲವು ಕಡೆ 4 ಇಂಚು ಮಾತ್ರ. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳದಿದ್ದರೆ ಆ ಕಡೆಯ ಪ್ಲಾಸ್ಟರ್ ಕಿತ್ತು ಬರುತ್ತದೆ. ಅಗಲವಾಗುವ ಕಬ್ಬಿಣದ ಆಂಕರ್ ಬೋಲ್ಟ್ ಇಲ್ಲಿ ಬೇಡವೇ ಬೇಡ. ಬಿಗಿ ಮಾಡಿದಷ್ಟೂ ಬ್ಲಾಕ್ ಒಡೆಯುತ್ತದೆ.

ಇನ್ನು ಬ್ರಾಕೆಟ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 55 ಇಂಚಿನ ಟಿವಿ ಸುಮಾರು 15 ಕೆ.ಜಿ. ಅಂದುಕೊಳ್ಳಿ. ಬ್ರಾಕೆಟಿನ ಮೇಲಿನ ಸ್ಕ್ರೂಗೂ ಕೆಳಗಿನ ತುದಿಗೂ 20 ಸೆಂ.ಮೀ. ಅಂತರ ಇದೆ ಅನ್ನಿ. ಗೋಡೆಗೆ ಒತ್ತಿಕೊಂಡಿರುವ ಫಿಕ್ಸೆಡ್ ಬ್ರಾಕೆಟಿನಲ್ಲಿ ಟಿವಿಯ ಭಾರ ಗೋಡೆಯಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಇರುತ್ತದೆ. ಆಗ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 15 ಗುಣಿಸು 5, ಭಾಗಿಸು 20. ಅಂದರೆ 4 ಕೆ.ಜಿ.ಗಿಂತ ಕಡಿಮೆ. ಅದೇ ಟಿವಿಯನ್ನು ಹೊರಕ್ಕೆ ಎಳೆದು ತಿರುಗಿಸುವ ಕೈ ಇರುವ ಬ್ರಾಕೆಟಿಗೆ ಹಾಕಿ 40 ಸೆಂ.ಮೀ. ಮುಂದಕ್ಕೆ ತಂದರೆ? 30 ಕೆ.ಜಿ.! ಬ್ರಾಕೆಟಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ಟಿವಿ ಅದೇ, ಗೋಡೆ ಅದೇ, ಎಳೆತ ಮಾತ್ರ ಎಂಟು ಪಟ್ಟು. ಎಎಸಿ ಗೋಡೆಗೆ ಈ ತಿರುಗುವ ಬ್ರಾಕೆಟ್ ಹಾಕಬೇಡಿ. ಫಿಕ್ಸೆಡ್ ಹಾಕಿ, ಎರಡರ ಬದಲು ನಾಲ್ಕರಿಂದ ಆರು ಕಡೆ ಸ್ಕ್ರೂ ಕೊಡಿ.

ಡ್ರಿಲ್ ಮುಟ್ಟುವ ಮೊದಲು ಟಿವಿ ಬಂದ ರಟ್ಟಿನ ಡಬ್ಬವನ್ನು ಟಿವಿ ಅಳತೆಗೆ ಕತ್ತರಿಸಿ ಮಾಸ್ಕಿಂಗ್ ಟೇಪಿನಲ್ಲಿ ಗೋಡೆಗೆ ಅಂಟಿಸಿ. ಒಂದೆರಡು ದಿನ ಹಾಗೇ ಬಿಡಿ. ಸೋಫಾದಲ್ಲಿ ಕೂತಾಗ ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ 100–110 ಸೆಂ.ಮೀ. ಎತ್ತರಕ್ಕೆ ಬಂದರೆ ಸರಿ. ಜನ ಸಾಮಾನ್ಯವಾಗಿ ತೀರಾ ಮೇಲೆ ಹಾಕಿಸುತ್ತಾರೆ, ಕತ್ತು ನೋಯುತ್ತದೆ, ಆಮೇಲೆ ಕೆಳಗೆ ಇನ್ನೊಂದು ಸಾಲು ತೂತು. ಟಿವಿ ಹಿಂದಿನ ನಾಲ್ಕು ಸ್ಕ್ರೂ ಜಾಗ ಪರದೆಯ ಸರಿ ನಡುವೆ ಇರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ಕೆಳಗಿರುತ್ತದೆ. ಅದನ್ನೂ ರಟ್ಟಿನ ಮೇಲೆ ಗುರುತು ಮಾಡಿ. ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲೆ ಕೆಳಗೆ ಎಲ್ಲೂ ಕೊರೆಯಬೇಡಿ, ಪೈಪಿನಲ್ಲಿ ವೈರ್ ಹೋಗಿರುತ್ತದೆ. ಆ ರೂಮಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ, ಡ್ರಿಲ್‌ಗೆ ಬೇರೆ ರೂಮಿನಿಂದ ಕರೆಂಟ್ ತನ್ನಿ.

ಎಲ್ಲಕ್ಕಿಂತ ಮೊದಲು ಮಾಲೀಕರಿಗೆ ವಾಟ್ಸ್ಯಾಪಿನಲ್ಲಿ ಒಂದು ಮೆಸೇಜ್ ಹಾಕಿ, ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಈಗಿರುವ ಗೋಡೆಯ ಫೋಟೋ ಕೂಡ ಇಟ್ಟುಕೊಳ್ಳಿ.

ಪ್ರಶ್ನೆ: ತೂತೇ ಬೇಡ, ಅಂಟಿಸಿದರೆ ಸಾಕು ಎನ್ನುವ ಬ್ರಾಕೆಟ್‌ಗಳನ್ನು ಆನ್‌ಲೈನಿನಲ್ಲಿ ನೋಡಿದೆ. ನಮ್ಮದು 32 ಇಂಚು, ಐದು ಕೆ.ಜಿ. ಕೂಡ ಇಲ್ಲ. ಹಾಕಬಹುದಾ? – ಮೈಸೂರಿನ ಓದುಗರು

ಬೇಡ. ಅಂಟು ಎಷ್ಟೇ ಗಟ್ಟಿ ಇರಲಿ, ಅದು ಹಿಡಿಯುವುದು ಗೋಡೆಯನ್ನಲ್ಲ, ಬಣ್ಣವನ್ನು. ಬಣ್ಣ ಕೂತಿರುವುದು ಪುಟ್ಟಿಯ ಮೇಲೆ, ಪುಟ್ಟಿ ಪ್ಲಾಸ್ಟರಿನ ಮೇಲೆ. ಈ ಮೂರರಲ್ಲಿ ಯಾವುದು ಸಡಿಲವೋ ಅಲ್ಲಿಂದ ಕಳಚುತ್ತದೆ. ಮಳೆಗಾಲದ ತೇವ, ಟಿವಿ ಹಿಂದಿನ ಬಿಸಿ ಎರಡೂ ಸೇರಿದರೆ ಯಾವಾಗ ಬೀಳುತ್ತದೆ ಎಂದು ಹೇಳಲಾಗದು. ಬೀಳದೆ ಉಳಿದರೂ, ತೆಗೆಯುವಾಗ ಅಂಗೈ ಅಗಲದ ಪುಟ್ಟಿ ಕಿತ್ತುಕೊಂಡೇ ಬರುತ್ತದೆ. ನಾಲ್ಕು ಸಣ್ಣ ತೂತು ಮುಚ್ಚುವುದು ಅದಕ್ಕಿಂತ ಎಷ್ಟೋ ಸುಲಭ. ಆ ಅಂಟುಪಟ್ಟಿ ಫೋಟೋ ಫ್ರೇಮಿಗೆ ಇರಲಿ.

ಗೋಡೆ ಮುಟ್ಟಲೇಬಾರದು ಅಂದರೆ ಎರಡು ದಾರಿ ಇವೆ. ಒಂದು, ನೆಲದ ಮೇಲೆ ನಿಲ್ಲುವ ಕಂಬದ ಸ್ಟ್ಯಾಂಡ್. ಅಗಲವಾದ, ಭಾರದ ಕಬ್ಬಿಣದ ತಳ ಇರುವುದನ್ನೇ ಆರಿಸಿ. ಟಿವಿ ಹಿಂದಿನ ತೂತುಗಳ ಅಂತರವನ್ನು ವೆಸಾ (VESA) ಅಳತೆ ಎನ್ನುತ್ತಾರೆ. 200×200, 400×300 ಹೀಗೆ ಮಿ.ಮೀ. ಲೆಕ್ಕದಲ್ಲಿ ಇರುತ್ತದೆ. ಸ್ಟ್ಯಾಂಡ್ ಅದಕ್ಕೆ ಹೊಂದುತ್ತದಾ ನೋಡಿ.

ಇನ್ನೊಂದು ನನಗೆ ಹೆಚ್ಚು ಇಷ್ಟ. ಬಡಗಿಗೆ ಹೇಳಿ, ಗಿಡ್ಡ ಟಿವಿ ಯೂನಿಟ್ಟಿಗೆ ಹಿಂದೆ 18 ಎಂಎಂ ಪ್ಲೈವುಡ್ಡಿನ ಎತ್ತರದ ಹಲಗೆ ಸೇರಿಸಿಸಿ. ಟಿವಿ ಬ್ರಾಕೆಟ್ ಆ ಹಲಗೆಗೆ ನಟ್ಟು ಬೋಲ್ಟಿನಲ್ಲಿ ಕೂರುತ್ತದೆ. ಭಾರವೆಲ್ಲ ನೆಲಕ್ಕೆ ಹೋಗುತ್ತದೆ. ನೋಡಲು ಗೋಡೆಗೆ ಹಾಕಿದ ಹಾಗೇ ಇರುತ್ತದೆ, ವೈರುಗಳೂ ಹಲಗೆಯ ಹಿಂದೆ ಅಡಗುತ್ತವೆ. ಮನೆ ಬದಲಿಸುವಾಗ ಯೂನಿಟ್ ಸಮೇತ ನಿಮ್ಮ ಜೊತೆ ಬರುತ್ತದೆ. ಕೆಳಗಿನ ಪೆಟ್ಟಿಗೆ ಕನಿಷ್ಠ 40 ಸೆಂ.ಮೀ. ಆಳ ಇರಲಿ, ಅದರಲ್ಲಿ ಭಾರದ ಸಾಮಾನು ಇಡಿ. ಮನೆಯಲ್ಲಿ ಓಡಾಡುವ ಮಗು ಇದ್ದರೆ ಮಾತ್ರ ಒಂದು ವಿನಂತಿ: ಯೂನಿಟ್ ಮುಂದಕ್ಕೆ ಮಗುಚದಂತೆ ಮೇಲ್ತುದಿಯನ್ನು ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ಅದಕ್ಕೆ ಒಂದೆರಡು ತೂತು ಬೇಕಾಗುತ್ತದೆ. ಮಾಲೀಕರಿಗೆ ಕಾರಣ ಹೇಳಿ ಹಾಕಿಸಿ. ಮಕ್ಕಳು ಡ್ರಾಯರ್ ಎಳೆದು ಅದರ ಮೇಲೆ ಹತ್ತುತ್ತಾರೆ, ಟಿವಿ ಸಮೇತ ಮೈಮೇಲೆ ಬೀಳುತ್ತದೆ. ಗೋಡೆಯ ಅಂದಕ್ಕಾಗಿ ಈ ವಿಷಯದಲ್ಲಿ ರಾಜಿ ಬೇಡ.

ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಅಜ್ಜನ ಕಾಲದ ಮನೆ. ಕೆಂಪುಕಲ್ಲಿನ ಗೋಡೆ, ಮೇಲೆ ದಪ್ಪ ಸುಣ್ಣದ ಗಾರೆ. ಡ್ರಿಲ್ ಇಟ್ಟ ಕೂಡಲೇ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಬೇರೆ. 43 ಇಂಚಿನ ಟಿವಿ ಹಾಕಬೇಕಿತ್ತು.

ಇಂಥ ಮನೆಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ದಯವಿಟ್ಟು ಅವಸರ ಮಾಡಬೇಡಿ.

ಕೆಂಪುಕಲ್ಲಿನ ಒಳಗೆಲ್ಲ ಸಣ್ಣ ಸಣ್ಣ ಪೊಳ್ಳು. ಒಂದು ಜಾಗದಲ್ಲಿ ಗಟ್ಟಿ, ಎರಡು ಇಂಚು ಆಚೆ ಮೆತ್ತಗೆ. ನೀರನ್ನೂ ಹೀರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಮಳೆ ಹೊಡೆಯುವುದು ನೈಋತ್ಯದಿಂದ. ಆದ್ದರಿಂದ ಪಶ್ಚಿಮ, ದಕ್ಷಿಣದ ಹೊರಗೋಡೆಗಳನ್ನು ಬಿಟ್ಟುಬಿಡಿ. ಮನೆಯ ನಡುವಿನ ಒಳಗೋಡೆ ಆರಿಸಿ. ಬಚ್ಚಲುಮನೆಯ ಬೆನ್ನಿಗಿರುವ ಗೋಡೆಯೂ ಬೇಡ.

ಆ ಗೋಡೆಗೆ ಬ್ರಾಕೆಟನ್ನು ನೇರವಾಗಿ ಹಾಕಬೇಡಿ. ಮೊದಲು ಒಂದು ಮರದ ಹಲಗೆ ಹಾಕಿ. ಟಿವಿಗಿಂತ ಸ್ವಲ್ಪ ಚಿಕ್ಕದು, ಒಂದು ಇಂಚು ದಪ್ಪ, ತೇಗವಾದರೆ ಒಳ್ಳೆಯದು. ಹಲಗೆಯನ್ನು ಆರೆಂಟು ಕಡೆ ಗೋಡೆಗೆ ಕೂರಿಸಿ, ಟಿವಿಯನ್ನು ಹಲಗೆಗೆ ಹಾಕಿ. ಒಂದು ಸ್ಕ್ರೂ ಮೆತ್ತನೆಯ ಜಾಗಕ್ಕೆ ಸಿಕ್ಕರೂ ಉಳಿದವು ಹೊರುತ್ತವೆ. ಸ್ಕ್ರೂ ಎಲ್ಲಿ ಹಾಕಬೇಕು ಎನ್ನುವುದೂ ನಿಮ್ಮ ಕೈಯಲ್ಲೇ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಡಬ್ ಡಬ್ ಎಂದು ಪೊಳ್ಳು ಸದ್ದು ಬಂದ ಕಡೆ ಗಾರೆ ಕಲ್ಲನ್ನು ಬಿಟ್ಟಿದೆ. ಅಲ್ಲಿ ಕೊರೆದರೆ ದೊಡ್ಡ ಚಕ್ಕೆಯೇ ಕೆಳಗೆ ಬರುತ್ತದೆ. ಗಟ್ಟಿ ಸದ್ದಿನ ಜಾಗದಲ್ಲಿ ಮಾಸ್ಕಿಂಗ್ ಟೇಪ್ ಅಡ್ಡ ಉದ್ದ ಅಂಟಿಸಿ, 4 ಎಂಎಂ ಬಿಟ್‌ನಿಂದ ಶುರು ಮಾಡಿ, ಆಮೇಲೆ ದೊಡ್ಡ ಬಿಟ್ ಹಾಕಿ. ಗಾರೆ ಒಂದು ಇಂಚು ದಪ್ಪ ಇದ್ದರೆ ಪ್ಲಗ್ ಅದನ್ನು ದಾಟಿ ಕಲ್ಲಿನೊಳಗೆ ಕನಿಷ್ಠ ಎರಡೂವರೆ ಇಂಚು ಹೋಗಬೇಕು. ಸಾಮಾನ್ಯ ಪ್ಲಗ್ ಗಿಡ್ಡವಾಗುತ್ತದೆ, 100 ಎಂಎಂ ಉದ್ದದ ನೈಲಾನ್ ಪ್ಲಗ್ ಕೇಳಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಕರಾವಳಿಯ ಗಾಳಿಗೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು, ಸುಣ್ಣದ ಗೋಡೆಯ ಮೇಲೆ ಕಂದು ಕಲೆ ಇಳಿಯುತ್ತದೆ. ಆ ಕಲೆ ಮೇಲೆ ಎಷ್ಟು ಸಲ ಸುಣ್ಣ ಹೊಡೆದರೂ ಮತ್ತೆ ಕಾಣುತ್ತದೆ.

ಹಲಗೆ ಮತ್ತು ಗೋಡೆ ನಡುವೆ ವಾಷರ್ ಕೊಟ್ಟು ಒಂದು ಬೆರಳು ಸಂದು ಬಿಡಿ. ಗಾಳಿ ಆಡಬೇಕು, ಇಲ್ಲದಿದ್ದರೆ ಹಿಂದೆ ಬೂಷ್ಟು ಬರುತ್ತದೆ. ಕೆಲಸವನ್ನು ಫೆಬ್ರವರಿ ಮಾರ್ಚಿಗೆ ಇಟ್ಟುಕೊಳ್ಳಿ, ಗೋಡೆ ಒಣಗಿರುತ್ತದೆ.

ಪ್ರಶ್ನೆ: ನಮ್ಮದು ಪೂರ್ತಿ ಕಾಂಕ್ರೀಟ್ ಗೋಡೆಯ ಫ್ಲಾಟ್. ಮನೆಯ ಡ್ರಿಲ್ ಅರ್ಧ ಇಂಚು ಹೋಗಿ ನಿಂತಿದೆ. – ವೈಟ್‌ಫೀಲ್ಡ್

ಮೈವಾನ್ ಎಂದು ಕರೆಯುತ್ತಾರಲ್ಲ, ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಗೋಡೆ, ಅದೇ ಇರಬೇಕು. ಹಿಡಿತದ ಚಿಂತೆ ಇಲ್ಲ, ಇದಕ್ಕಿಂತ ಗಟ್ಟಿ ಗೋಡೆ ಸಿಗದು. ಆದರೆ ಮನೆಯ ಸಣ್ಣ ಡ್ರಿಲ್ಲನ್ನು ಒತ್ತಿ ಒತ್ತಿ ಕೊರೆದರೆ ಬಿಟ್ ಜಾರಿ ಬಣ್ಣ ಗೀರುತ್ತದೆ. ರೋಟರಿ ಹ್ಯಾಮರ್ (ಬಡಿದು ಕೊರೆಯುವ ದೊಡ್ಡ ಡ್ರಿಲ್) ಇರುವವರನ್ನು ಕರೆಸಿ, ಎರಡು ನಿಮಿಷದ ಕೆಲಸ. ಬಿಟ್ ಕಬ್ಬಿಣದ ಸರಳಿಗೆ ತಾಗಿದರೆ ಸರಳು ಕತ್ತರಿಸಲು ಬಿಡಬೇಡಿ, ತೂತನ್ನು ಎರಡು ಮೂರು ಸೆಂ.ಮೀ. ಸರಿಸಲಿ. ಈ ಗೋಡೆಯೇ ಕಟ್ಟಡವನ್ನು ಹೊತ್ತಿರುವುದು. ವೈರ್ ಅಡಗಿಸಲು ಕಾಲುವೆ ಕೊರೆಯುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ಮೇಲೆ ಅಂಟಿಸುವ ಪಿವಿಸಿ ಕೇಸಿಂಗ್ ಪಟ್ಟಿ ಸಾಕು, ಗೋಡೆಯ ಬಣ್ಣವನ್ನೇ ಅದಕ್ಕೂ ಹೊಡೆದರೆ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಮುಂದಿನ ತಿಂಗಳು ಮನೆ ಖಾಲಿ ಮಾಡುತ್ತಿದ್ದೇವೆ. ಟಿವಿ ತೆಗೆದ ಮೇಲೆ ಆರು ತೂತು ಉಳಿಯುತ್ತವೆ. ಟೂತ್‌ಪೇಸ್ಟ್ ತುಂಬಿದರೆ ಆಗುತ್ತೆ ಅಂತಾರೆ, ನಿಜವಾ? – ಹುಬ್ಬಳ್ಳಿ

ಟೂತ್‌ಪೇಸ್ಟ್ ಒಣಗಿ ಕುಗ್ಗುತ್ತದೆ, ಕೆಲವೇ ದಿನದಲ್ಲಿ ಗುಳಿ ಕಾಣುತ್ತದೆ. ಸರಿಯಾಗಿ ಮಾಡಿದರೂ ಅರ್ಧ ದಿನದ ಕೆಲಸ, ಅಷ್ಟೇ.

ಪ್ಲಗ್ಗಿಗೆ ಸ್ಕ್ರೂವನ್ನು ಎರಡು ಮೂರು ಸುತ್ತು ಮಾತ್ರ ಹಾಕಿ, ಇಕ್ಕಳದಲ್ಲಿ ಸ್ಕ್ರೂ ಹಿಡಿದು ನೇರಕ್ಕೆ ಎಳೆಯಿರಿ. ಅಲ್ಲಾಡಿಸಬೇಡಿ, ಅಂಚು ಒಡೆಯುತ್ತದೆ. ಬರಲೇ ಇಲ್ಲವಾದರೆ ಒಳಕ್ಕೆ ತಳ್ಳಿಬಿಡಿ. ತೂತಿನ ಸುತ್ತ ಉಬ್ಬಿದ ಬಣ್ಣವನ್ನು ಬ್ಲೇಡಿನಲ್ಲಿ ಕೆರೆದು, ಪುಡಿ ಊದಿ ತೆಗೆದು, ಒಳಗೆ ಚೂರು ನೀರು ಚಿಮುಕಿಸಿ. ಒಣ ಗೋಡೆ ಪುಟ್ಟಿಯ ನೀರನ್ನು ಹೀರಿಕೊಂಡು ಬಿರುಕು ಬಿಡುತ್ತದೆ. ವಾಲ್ ಪುಟ್ಟಿಯನ್ನು ಗಟ್ಟಿಯಾಗಿ ಕಲಸಿ, ಒಂದೇ ಸಲಕ್ಕೆ ತುಂಬದೆ ಎರಡು ಸಲ ತುಂಬಿ. ಮೊದಲನೆಯದು ಒಣಗಿದ ಮೇಲೆ ಎರಡನೆಯದು. ಪೂರ್ತಿ ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಮುಟ್ಟಿಸಿ.

ಕಷ್ಟ ಇರುವುದು ಬಣ್ಣದಲ್ಲಿ. ಅದೇ ಶೇಡ್ ತಂದರೂ ಹಳೆಯ ಗೋಡೆ ಮಾಸಿರುತ್ತದೆ, ಹೊಸ ಬಣ್ಣ ಚುಕ್ಕಿಯಾಗಿ ಕಾಣುತ್ತದೆ. ಮಾಲೀಕರನ್ನೋ ಪೇಂಟರನ್ನೋ ಶೇಡ್ ನಂಬರ್ ಕೇಳಿ. ಗೊತ್ತಿಲ್ಲ ಎಂದರೆ ಗೋಡೆಯ ಮೂಲೆಯಿಂದ ಉಗುರಿನಷ್ಟು ಬಣ್ಣದ ಚಕ್ಕೆ ತೆಗೆದು, ಮಷೀನಿನಲ್ಲಿ ಬಣ್ಣ ಕಲಸುವ ಅಂಗಡಿಗೆ ಒಯ್ಯಿರಿ. ಬ್ರಷ್ ಬೇಡ, ಸಣ್ಣ ರೋಲರಿನಲ್ಲಿ ತೂತಿನಿಂದ ಹೊರಕ್ಕೆ ತೆಳುವಾಗುತ್ತಾ ಹೋಗುವಂತೆ ಹೊಡೆಯಿರಿ.

ಇನ್ನೊಂದು ಮಾತು. ನಮ್ಮ ಕಡೆ ಮನೆ ಬಿಡುವಾಗ ಪೇಂಟಿಂಗ್ ಖರ್ಚು ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಹಲವು ಕರಾರುಗಳಲ್ಲಿ ಇರುತ್ತದೆ. ನಿಮ್ಮ ಕರಾರಿನಲ್ಲೂ ಅದು ಇದ್ದರೆ, ತೂತು ತುಂಬಿ ಪ್ರೈಮರ್ ಹಾಕಿ ಬಿಡಿ. ಹೇಗೂ ಅವರು ಪೂರ್ತಿ ಬಣ್ಣ ಹೊಡೆಸುತ್ತಾರೆ. ಅದರ ಮೇಲೆ ತೂತಿಗೆಂದು ಬೇರೆ ದುಡ್ಡು ಕೇಳಿದರೆ, ತುಂಬಿದ ಗೋಡೆಯ ಫೋಟೋ ತೋರಿಸಿ ಸಮಾಧಾನವಾಗಿ ಮಾತಾಡಿ.