ಮೃಗಾಲಯದ ತೋಳ ಗುಡ್ಡಕ್ಕೆ ಬೇಡ

ಪ್ರಶ್ನೆ: ನಮ್ಮೂರ ಗುಡ್ಡದಲ್ಲಿ ತೋಳ ಕಂಡು ಎಷ್ಟೋ ವರ್ಷಗಳಾದವು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಮಾಡಿದಂತೆ ಮೃಗಾಲಯದಿಂದ ನಾಲ್ಕು ತೋಳ ತಂದು ಬಿಡಬಹುದಲ್ಲ? (ಚಿತ್ರದುರ್ಗ ಜಿಲ್ಲೆಯ ಓದುಗರು)

ಉತ್ತರ: ಬಿಡಬಾರದು. ಇದನ್ನು ಕೇಳುವವರೆಲ್ಲ ಯೆಲ್ಲೋಸ್ಟೋನ್‌ನ ಅರ್ಧ ಕತೆಯನ್ನಷ್ಟೇ ಹೇಳುತ್ತಾರೆ. ಅಲ್ಲಿ 1995ರಲ್ಲಿ 14, 1996ರಲ್ಲಿ 17 ತೋಳಗಳನ್ನು ತಂದರು. ಅವು ಕೆನಡಾದ ಕಾಡಿನಲ್ಲಿ ಬೇಟೆಯಾಡಿಯೇ ಬೆಳೆದವು, ಪಂಜರದಲ್ಲಿ ಹುಟ್ಟಿದವಲ್ಲ. ತಂದ ದಿನವೇ ಬಿಟ್ಟರೆ ತೋಳ ತನ್ನ ಹಳೆಯ ನೆಲದ ದಿಕ್ಕು ಹಿಡಿದು ಹೊರಡುತ್ತದೆ. ಅದಕ್ಕೇ ಸುಮಾರು ಹತ್ತು ವಾರ ಬೇಲಿಯೊಳಗೆ ಇಟ್ಟು, ಜನರ ಸುಳಿವು ಆದಷ್ಟು ತಟ್ಟದಂತೆ ಸತ್ತ ಎಲ್ಕ್‌ಗಳನ್ನು (ಅಲ್ಲಿನ ದೊಡ್ಡ ಜಿಂಕೆ) ಹಾಕಿ, ರೇಡಿಯೊ ಕಾಲರ್ ತೊಡಿಸಿ ಬಿಟ್ಟರು. ಉದ್ಯಾನದ ವಿಸ್ತಾರ ಸುಮಾರು 9,000 ಚದರ ಕಿ.ಮೀ. ಒಳಗೆ ಕುರಿಹಟ್ಟಿ ಇಲ್ಲ, ಎಲ್ಕ್ ಸಾವಿರಾರು.

ನಿಮ್ಮ ಗುಡ್ಡದಲ್ಲಿ ಹುಲ್ಲೆ ಎಷ್ಟು ಉಳಿದಿವೆ? ಮನುಷ್ಯನ ಕೈಯಿಂದ ಮಾಂಸ ತಿಂದು ಬೆಳೆದ ತೋಳಕ್ಕೆ ಮನುಷ್ಯನ ಭಯವಿರುವುದಿಲ್ಲ. ನೇರ ಊರಂಚಿಗೆ ಬಂದು ಕುರಿ ಹಿಡಿಯುತ್ತದೆ. ಮರುದಿನ ಆ ಸತ್ತ ಕುರಿಗೆ ಯಾರೋ ವಿಷ ಹಾಕುತ್ತಾರೆ. ಬದುಕುಳಿದದ್ದಕ್ಕೆ ಜೊತೆ ಸಿಗದಿದ್ದರೆ ಬೀದಿನಾಯಿಯೊಂದಿಗೆ ಕೂಡುತ್ತದೆ. ಪುಣೆ ಸುತ್ತಮುತ್ತ ಇಂಥ ಮಿಶ್ರತಳಿ ಇರುವುದು ವಂಶವಾಹಿ ಪರೀಕ್ಷೆಯಲ್ಲೇ ಖಚಿತವಾಗಿದೆ.

ಬಯಲುಸೀಮೆಯಲ್ಲಿ ತೋಳ ಇನ್ನೂ ಇವೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಅವಕ್ಕೆಂದೇ ಧಾಮವಿದೆ. ಪ್ರಾಯಕ್ಕೆ ಬಂದವು ಹಿಂಡು ಬಿಟ್ಟು ಹೊಸ ನೆಲ ಹುಡುಕುತ್ತಾ ತಾವೇ ಬಹುದೂರ ನಡೆಯುತ್ತವೆ. ಬಂದದ್ದು ನಿಲ್ಲುವಂತೆ ಮಾಡುವುದು ನಮ್ಮ ಕೆಲಸ. ಹುಲ್ಲುಗಾವಲನ್ನು 'ಪಾಳುಭೂಮಿ' ಎಂದು ಜೆಸಿಬಿಯಿಂದ ಗುಂಡಿ ತೆಗೆದು ಸಸಿ ನೆಡುವುದನ್ನು ಮೊದಲು ನಿಲ್ಲಿಸಿ. ಅದು ಹಸಿರೀಕರಣವಲ್ಲ, ತೋಳದ ಮನೆ ಕೆಡವುವ ಕೆಲಸ. ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಮಣ್ಣಿನ ದಿಬ್ಬದಲ್ಲಿ ತೋಳ ತೆವಳಿ ಒಳಹೋಗುವಷ್ಟೇ ಅಗಲದ ಬಿಲದ ಬಾಯಿ, ಎದುರಿಗೆ ಮೂಳೆ ಚೂರು, ರೋಮ ತುಂಬಿದ ಹಿಕ್ಕೆ ಕಂಡರೆ ಅಲ್ಲಿಂದ ಹಿಂದಿರುಗಿ. ಹೊಗೆ ಹಾಕಿದರೆ ಮರಿಗಳು ಒಳಗೇ ಉಸಿರುಗಟ್ಟಿ ಸಾಯುತ್ತವೆ. ಊರ ನಾಯಿಗಳಿಗೆ ರೇಬೀಸ್, ಡಿಸ್ಟೆಂಪರ್ ಲಸಿಕೆ ಹಾಕಿಸಿ. ಇವೆರಡೂ ಇಡೀ ಹಿಂಡನ್ನೇ ಮುಗಿಸಬಲ್ಲವು.

ಕುರಿಗಾಹಿಗಳಿಗೆ ಒಂದು ಮಾತು: ಹಟ್ಟಿಯ ಸುತ್ತ ಕಟ್ಟುವ ಬಲೆಯ ಬುಡದಲ್ಲಿ ಸಂದಿ ಬಿಟ್ಟರೆ ಎತ್ತರ ಎಷ್ಟಿದ್ದರೂ ವ್ಯರ್ಥ, ತೋಳ ಕೆಳಗಿನಿಂದ ನುಸುಳುತ್ತದೆ. ಬುಡಕ್ಕೆ ಸುತ್ತಲೂ ಕಲ್ಲು, ಜಾಲಿಮುಳ್ಳು ಒತ್ತಿ. ಕುರಿ ಸತ್ತರೆ ಎತ್ತುವ ಮೊದಲು ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಹೂತ ಮೇಲೆ ಪರಿಹಾರ ಕೇಳಿದರೆ ಸಾಕ್ಷಿಯೇ ಇರುವುದಿಲ್ಲ.

ಪ್ರಶ್ನೆ: ಮಲೆನಾಡಿನ ಕಾಡಿಗೂ ತೋಳ ತರಬಹುದೇ?

ಉತ್ತರ: ದಟ್ಟ ಕಾಡು ಅದರ ನೆಲವಲ್ಲ. ಅಲ್ಲಿ ಕಾಡುನಾಯಿಗಳಿವೆ, ಅವನ್ನು ಉಳಿಸಿಕೊಳ್ಳಿ.

ಪ್ರಶ್ನೆ: ತೋಳ ಮಕ್ಕಳನ್ನು ಎತ್ತಿಕೊಂಡು ಹೋಗುವುದು ನಿಜವೇ?

ಉತ್ತರ: ಅಪರೂಪ, ಆದರೆ ಉತ್ತರ ಭಾರತದಲ್ಲಿ ನಡೆದಿದೆ. ತೋಳವಿರುವ ಕಡೆ ಚಿಕ್ಕ ಮಕ್ಕಳನ್ನು ಹೊರಗೆ ಒಂಟಿಯಾಗಿ ಮಲಗಿಸಬೇಡಿ.

ಪ್ರಶ್ನೆ: ನರಿಕೊಂಬು ಮನೆಯಲ್ಲಿದ್ದರೆ ಅದೃಷ್ಟವಂತೆ?

ಉತ್ತರ: ನರಿಗೆ ಕೊಂಬಿಲ್ಲ. ಮಾರುವವನು ಮೋಸಗಾರ. ಅದು ನಿಜವಾದ ನರಿಯ ಚರ್ಮ, ಮೂಳೆಯಿಂದ ಮಾಡಿದ್ದಾದರೆ ಕೊಂಡ ನಿಮ್ಮ ಮೇಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಕದ್ದಮೆ ಬೀಳುತ್ತದೆ.