ಗರ್ಭಚೀಲದ ಗಂಟು ಎದೆಗೆ ಏರೀತೇ?

ಪ್ರಶ್ನೆ: ನಮ್ಮ ಅಕ್ಕನಿಗೆ 46 ವರ್ಷ. ಫೈಬ್ರಾಯ್ಡ್ (ಗರ್ಭಚೀಲದ ಸ್ನಾಯುಗಂಟು) ಎಂದು ನಾಲ್ಕು ವರ್ಷದ ಹಿಂದೆ ಗರ್ಭಚೀಲ ತೆಗೆದರು, ಅಂಡಾಶಯ ಉಳಿಸಿದರು. ಈಗ ಮೆಟ್ಟಿಲು ಹತ್ತಿದರೆ ಏದುಸಿರು, ಕಾಲು ಬಾವು. ಒಮ್ಮೆ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಬಲಭಾಗದೊಳಗೆ ಉದ್ದನೆಯದೇನೋ ಅಲ್ಲಾಡುತ್ತಿದೆಯಂತೆ. ರಕ್ತ ಹೆಪ್ಪುಗಟ್ಟಿದೆ ಎಂದು ರಕ್ತ ತೆಳುವಾಗುವ ಮಾತ್ರೆ ಕೊಟ್ಟರು. ಎರಡು ತಿಂಗಳಾದರೂ ಕರಗಿಲ್ಲ. ಇನ್ನೊಬ್ಬ ಡಾಕ್ಟರು 'ಹಳೆಯ ಗಂಟೇ ಮೇಲೇರಿರಬಹುದು' ಅಂದರು. ಇದು ಕ್ಯಾನ್ಸರೇ? ನನಗೂ 3 ಸೆಂ.ಮೀ. ಫೈಬ್ರಾಯ್ಡ್ ಇದೆ, ನಾನೂ ಚೀಲ ತೆಗೆಸಲೇ?
— ಓದುಗರು, ಜಮಖಂಡಿ

ಉತ್ತರ: ಆ ಡಾಕ್ಟರ ಅನುಮಾನದಲ್ಲಿ ಹುರುಳಿದೆ. ತೀರ ಅಪರೂಪದ ಈ ಕಾಯಿಲೆಗೆ ಇಂಟ್ರಾವೀನಸ್ ಲಿಯೋಮಯೋಮಟೋಸಿಸ್ ಎಂದು ಹೆಸರು. ಕ್ಯಾನ್ಸರ್ ಅಲ್ಲ. ಫೈಬ್ರಾಯ್ಡಿನಂಥದೇ ಸ್ನಾಯು ಗರ್ಭಚೀಲದ ಅಭಿಧಮನಿಯೊಳಗೆ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ಬಳ್ಳಿಯಂತೆ ಹಬ್ಬುತ್ತದೆ. ಕಿಬ್ಬೊಟ್ಟೆಯ ನಾಳಗಳಿಂದಲೋ ಅಂಡಾಶಯದ ನಾಳದಿಂದಲೋ ಹೊಟ್ಟೆಯ ಮಹಾಭಿಧಮನಿ ಸೇರಿ, ಅಲ್ಲಿಂದ ಹೃದಯದ ಬಲ ಹೃತ್ಕರ್ಣಕ್ಕೆ (ಬಲಭಾಗದ ಮೇಲಿನ ಕೋಣೆ) ಏರಬಲ್ಲದು. ಚೀಲ ತೆಗೆದಾಗ ನಾಳದೊಳಗೆ ಉಳಿದ ಎಳೆ ವರ್ಷಗಳ ಮೇಲೂ ಬೆಳೆಯಬಲ್ಲದು. ಅಂಡಾಶಯದ ಈಸ್ಟ್ರೋಜನ್ ಹಾರ್ಮೋನು ಅದಕ್ಕೆ ಗೊಬ್ಬರವಿದ್ದಂತೆ.

ಕ್ಯಾನ್ಸರ್ ಅಲ್ಲವೆಂದು ತಡ ಮಾಡಬೇಡಿ. ತುದಿ ಹೃದಯದ ಕವಾಟಕ್ಕೆ ಅಡ್ಡ ಬಂದರೆ ರಕ್ತದ ಹರಿವು ಗಕ್ಕನೆ ನಿಲ್ಲುತ್ತದೆ. ಅಕ್ಕ ಬಿದ್ದದ್ದಕ್ಕೂ ಇದೇ ಕಾರಣವಿರಬಹುದು. ಇನ್ನೊಮ್ಮೆ ಹಾಗಾದರೆ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ.

ಎಕೋ ತೋರಿಸುವುದು ತುದಿಯನ್ನಷ್ಟೆ, ಬೇರು ಕೆಳಗಿದೆ. ಎದೆಯಿಂದ ಕಿಬ್ಬೊಟ್ಟೆಯವರೆಗೆ ಒಂದೇ ಸಲಕ್ಕೆ ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಚುಚ್ಚುವ ಔಷಧಿ) ಕೊಟ್ಟು ಸಿಟಿ ಅಥವಾ ಎಂಆರ್‌ಐ ಆಗಬೇಕು. ಅದಕ್ಕೂ ಮೊದಲು ಮೂತ್ರಪಿಂಡ ಹೇಗಿದೆಯೆಂದು ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿಸಿ. ಗಂಟಿಗೆ ತನ್ನದೇ ರಕ್ತ ಪೂರೈಕೆ ಇರುವುದರಿಂದ ಕಾಂಟ್ರಾಸ್ಟ್ ಹೀರಿ ಬೆಳಗುತ್ತದೆ. ಬರೀ ಹೆಪ್ಪು ಹಾಗೆ ಬೆಳಗದು. ಎರಡೂ ಒಟ್ಟಿಗೆ ಇರಲೂಬಹುದು, ಹಾಗಾಗಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಳೆಯ ಆಪರೇಷನ್ನಿನ ಬಯಾಪ್ಸಿ ರಿಪೋರ್ಟ್, ತೆಗೆದ ಗಂಟಿನ ತುಣುಕನ್ನು ಲ್ಯಾಬಿನಲ್ಲಿ ಕೂಡಿಸಿ ಇಟ್ಟಿರುವ ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ಪೆಥಾಲಜಿಸ್ಟ್ ಅದನ್ನು ಮತ್ತೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪರಿಹಾರ ಆಪರೇಷನ್ನೇ. ಹೃದಯ, ರಕ್ತನಾಳ, ಸ್ತ್ರೀರೋಗ ಮೂರೂ ತಂಡಗಳು ಒಂದೇ ಸೂರಿನಡಿ ಇರುವ ಬೆಳಗಾವಿ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗೇ ಹೋಗಿ. ಎದೆಯನ್ನೂ ಹೊಟ್ಟೆಯನ್ನೂ ಒಂದೇ ಸಲ ತೆರೆಯುತ್ತಾರೆ, ಇಲ್ಲವೇ ಕೆಲವು ವಾರ ಬಿಟ್ಟು ಎರಡು ಹಂತದಲ್ಲಿ; ಅದು ಅಕ್ಕನ ದೇಹಶಕ್ತಿ ನೋಡಿ ತೀರ್ಮಾನವಾಗುತ್ತದೆ. ಬಳ್ಳಿ ಸಾಮಾನ್ಯವಾಗಿ ನಾಳದ ಗೋಡೆಗೆ ಅಂಟಿರುವುದಿಲ್ಲ, ಹೆಚ್ಚಿನ ಸಲ ಇಡಿಯಾಗಿ ಜಾರಿ ಬರುತ್ತದೆ. ಬೇರಿನ ಕಡೆ ತುಸು ಉಳಿದರೂ ಮತ್ತೆ ಚಿಗುರಬಹುದು. ಅಂಡಾಶಯಗಳನ್ನೂ ತೆಗೆಯುವುದು ಅದಕ್ಕೇ. ಪೂರ್ತಿ ತೆಗೆಯಲಾಗದಿದ್ದರೆ ಈಸ್ಟ್ರೋಜನ್ ತಗ್ಗಿಸುವ ಲೆಟ್ರೊಜೋಲ್‌ನಂಥ ಮಾತ್ರೆ ಕೊಡುವುದುಂಟು. ಆಮೇಲೂ ಹಲವು ವರ್ಷ ಸ್ಕ್ಯಾನ್ ತಪ್ಪಿಸುವಂತಿಲ್ಲ. ರಕ್ತ ಕೊಡುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಎಷ್ಟು ಸಿಗುತ್ತದೆಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ರೆಫರಲ್ ಬರೆಸಿಕೊಂಡೇ ಹೊರಡಿ.

ಇನ್ನು ನಿಮ್ಮ ಮಾತು. ಫೈಬ್ರಾಯ್ಡ್ ಎಷ್ಟೋ ಹೆಣ್ಣುಮಕ್ಕಳಿಗೆ ಇರುತ್ತದೆ, ಅದು ನಾಳಕ್ಕೆ ಇಳಿಯುವುದು ಬೆರಳೆಣಿಕೆಯಷ್ಟು ಜನರಲ್ಲಿ. ಅತಿಸ್ರಾವ, ನೋವು ಇಲ್ಲದ 3 ಸೆಂ.ಮೀ. ಗಂಟಿಗಾಗಿ ಚೀಲ ಕಳೆದುಕೊಳ್ಳಬೇಡಿ. ಅಕ್ಕನ ವಿಷಯವನ್ನು ನಿಮ್ಮ ಡಾಕ್ಟರಿಗೆ ತಿಳಿಸಿ, ಅವರು ಹೇಳಿದಾಗ ಸ್ಕ್ಯಾನ್ ಮಾಡಿಸಿದರೆ ಸದ್ಯಕ್ಕೆ ಸಾಕು.